ಗುಂಪಿಗೆ ಹಾಕಿದ್ದೆಲ್ಲ ಗುಂಪಿಗೆ ತಿಳಿದಂತಲ್ಲ

ಅಪಾರ್ಟ್‌ಮೆಂಟಿನ ನೀರಿನ ವ್ಯವಸ್ಥೆ, ಶಾಲೆಯ ಪೋಷಕರ ಸಮಿತಿ, ಅಣ್ಣತಮ್ಮಂದಿರ ಜಮೀನಿನ ಮಾತು, ಕಂಪನಿಯ ಆಡಳಿತ ಮಂಡಳಿ. ಇವುಗಳ ತೀರ್ಮಾನಕ್ಕೆ ಎಲ್ಲರೂ ಒಂದೇ ಕೋಣೆಯಲ್ಲಿ ಕೂರುವುದು ಈಗ ಕಡಿಮೆಯಾಗಿದೆ. 2020ರ ಲಾಕ್‌ಡೌನ್‌ನಲ್ಲಿ ಬೇರೆ ದಾರಿಯಿಲ್ಲದೆ ಹಿಡಿದ ಪದ್ಧತಿ ಆಮೇಲೂ ಉಳಿದುಕೊಂಡಿತು. ಅರ್ಧ ಚರ್ಚೆ ವಾಟ್ಸ್‌ಆ್ಯಪ್‌ನಲ್ಲಿ, ಕಾಲು ಭಾಗ ವಿಡಿಯೊ ಕಾಲ್‌ನಲ್ಲಿ ನಡೆಯುತ್ತದೆ. ಉಳಿದದ್ದು ಯಾರೋ ಹಂಚಿದ ಎಕ್ಸೆಲ್ ಹಾಳೆಯಲ್ಲಿರುತ್ತದೆ.

ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳೋಣ. ನಲವತ್ತು ಮನೆಗಳ ಅಪಾರ್ಟ್‌ಮೆಂಟ್. "ಶನಿವಾರ ಟ್ಯಾಂಕ್ ಕೆಲಸ ಮಾಡಿಸೋಣ. ಅಡ್ಡಿ ಇದ್ದವರು ತಿಳಿಸಿ" ಎಂದು ಕಾರ್ಯದರ್ಶಿ ಗುಂಪಿಗೆ ಬರೆಯುತ್ತಾರೆ. ಇಪ್ಪತ್ತಮೂರು ಹೆಬ್ಬೆರಳುಗಳು ಬೀಳುತ್ತವೆ. ತಕರಾರು ಒಂದೂ ಇಲ್ಲ. ಕಾರ್ಯದರ್ಶಿಯ ಮನಸ್ಸಿನಲ್ಲಿದ್ದದ್ದು ನೆಲದಡಿಯ ಸಂಪ್‌ಗೆ ವಾಟರ್‌ಪ್ರೂಫಿಂಗ್ ಮಾಡಿಸುವುದು. ಅದು ಒಣಗುವ ತನಕ, ಅಂದರೆ ಮೂರು ನಾಲ್ಕು ದಿನ, ನೀರು ತುಂಬುವಂತಿಲ್ಲ. ಹೆಬ್ಬೆರಳು ತೋರಿಸಿದವರಲ್ಲಿ ಹೆಚ್ಚಿನವರು ಅಂದುಕೊಂಡದ್ದು ಮೇಲಿನ ಓವರ್‌ಹೆಡ್ ಟ್ಯಾಂಕ್ ತೊಳೆಯುವ ಅರ್ಧ ದಿನದ ಕೆಲಸ. ಒಬ್ಬಿಬ್ಬರು ಕೊಳಚೆ ನೀರು ಶುದ್ಧೀಕರಿಸುವ ಎಸ್‌ಟಿಪಿ ಟ್ಯಾಂಕ್ ಎಂದೂ ತಿಳಿದರು. ಭಾನುವಾರ ನಲ್ಲಿ ಒಣಗಿದಾಗ "ಮೊದಲೇ ಗುಂಪಿಗೆ ಹಾಕಿದ್ದೆನಲ್ಲ" ಎಂದು ಒಬ್ಬರು, "ಹೀಗಂತ ಯಾರು ಹೇಳಿದರು" ಎಂದು ಇಪ್ಪತ್ತು ಜನ. ಇಲ್ಲಿ ಸುಳ್ಳು ಹೇಳಿದವರಿಲ್ಲ, ಅಸಡ್ಡೆ ಮಾಡಿದವರೂ ಇಲ್ಲ. ಸಂದೇಶ ಎಲ್ಲರಿಗೂ ತಲುಪಿದೆ, ಹೆಬ್ಬೆರಳು ತೋರಿಸಿದವರೆಲ್ಲ ಒಪ್ಪಿದ್ದಾರೆ. ಆದರೆ ಒಪ್ಪಿದ್ದು ಒಂದೇ ಸಂಗತಿಗಲ್ಲ.

ಕಂಪ್ಯೂಟರ್ ಅಥವಾ ಫೋನಿನ ನೆರವಿನಿಂದ ಗುಂಪಾಗಿ ತೀರ್ಮಾನ ಮಾಡುವಾಗ ಇಂಥದ್ದು ಯಾಕೆ ಆಗುತ್ತದೆ, ತಪ್ಪಿಸುವುದು ಹೇಗೆ ಎಂಬುದರ ಮೇಲೆ ನಾಲ್ಕು ದಶಕಗಳಿಂದ ಗಂಭೀರ ಅಧ್ಯಯನ ನಡೆದಿದೆ.

## ಅರ್ಥವಾಯಿತು ಎನ್ನುವುದಕ್ಕೆ ಪುರಾವೆ

ಮನಶ್ಶಾಸ್ತ್ರಜ್ಞರಾದ ಹರ್ಬರ್ಟ್ ಕ್ಲಾರ್ಕ್ ಮತ್ತು ಸೂಸನ್ ಬ್ರೆನನ್ 1991ರಲ್ಲಿ ಇದಕ್ಕೊಂದು ಸ್ಪಷ್ಟ ಚೌಕಟ್ಟು ಕೊಟ್ಟರು. ಮಾತಾಡುವವರೆಲ್ಲರೂ "ಇದು ನನಗೆ ಗೊತ್ತು, ನಿನಗೂ ಗೊತ್ತು, ಇಬ್ಬರಿಗೂ ಗೊತ್ತಿದೆ ಎಂಬುದೂ ಇಬ್ಬರಿಗೆ ಗೊತ್ತು" ಎಂದು ನೆಚ್ಚಿಕೊಳ್ಳಬಹುದಾದ ಸಂಗತಿಗಳ ಒಟ್ಟು ಮೊತ್ತವೇ ಸಮಾನ ತಿಳಿವಳಿಕೆ. ಒಂದು ವಿಷಯ ಅದರೊಳಗೆ ಸೇರಬೇಕಾದರೆ ಎರಡು ಹಂತ ದಾಟಬೇಕು. ಒಬ್ಬರು ಅದನ್ನು ಮುಂದಿಡಬೇಕು. ಕೇಳಿದವರು ತಮಗೆ ಅರ್ಥವಾಗಿದೆ ಎಂಬುದಕ್ಕೆ ಪುರಾವೆ ಕೊಡಬೇಕು. ಎರಡನೆಯದು ಆಗದೆ ಮೊದಲನೆಯದು ಪೂರ್ತಿಯಾಗುವುದಿಲ್ಲ. ಆರ್‌ಸಿಸಿ ಹಾಕುವ ದಿನ ಸಾಲಿನಲ್ಲಿ ನಿಂತವರು ಬಾಂಡ್ಲಿ ಕೈಬದಲು ಮಾಡುವುದನ್ನು ನೋಡಿ: ಆಚೆಯವರ ಕೈಗೆ ಭಾರ ಬಿತ್ತು ಎಂದು ಗೊತ್ತಾಗುವ ತನಕ ಈಚೆಯವರು ಬಿಡುವುದಿಲ್ಲ.

ಪುರಾವೆಗಳಲ್ಲಿ ಗಟ್ಟಿ ಮತ್ತು ಟೊಳ್ಳು ಎಂಬ ವ್ಯತ್ಯಾಸವಿದೆ. "ಹೂಂ" ಎನ್ನುವುದು, ತಲೆಯಾಡಿಸುವುದು, ಹೆಬ್ಬೆರಳು ತೋರಿಸುವುದು ತೀರ ಟೊಳ್ಳು. ಕೇಳಿಸಿತು ಎಂಬುದಕ್ಕಿಂತ ಹೆಚ್ಚೇನನ್ನೂ ಅವು ಹೇಳುವುದಿಲ್ಲ. "ಹಾಗಾದರೆ ಸೋಮವಾರ ಬೆಳಿಗ್ಗೆ ಸ್ನಾನಕ್ಕೆ ನೀರಿರುತ್ತದೆಯೇ" ಎಂಬ ಸರಿಯಾದ ಮರುಪ್ರಶ್ನೆ ಅದಕ್ಕಿಂತ ಗಟ್ಟಿ. ಕೇಳಿದ್ದನ್ನು ತಮ್ಮದೇ ಮಾತಿನಲ್ಲಿ ಮರಳಿ ಹೇಳುವುದು ಇನ್ನೂ ಗಟ್ಟಿ. ಎಷ್ಟು ಪುರಾವೆ ಸಾಕು ಎಂಬುದು ಕೆಲಸದ ಮೇಲೆ ನಿಂತಿದೆ. ಗಣೇಶನ ಹಬ್ಬದ ಚಂದಾಕ್ಕೆ ಹೆಬ್ಬೆರಳು ಸಾಕು. ಲಕ್ಷಗಟ್ಟಲೆ ಖರ್ಚಾಗುವ, ಆಮೇಲೆ ಹಿಂದೆಗೆಯಲಾಗದ ತೀರ್ಮಾನಕ್ಕೆ ಸಾಲದು.

ಇದೇ ಕ್ಲಾರ್ಕ್ 1986ರಲ್ಲಿ ಡೀನಾ ವಿಲ್ಕ್ಸ್-ಗಿಬ್ಸ್ ಜೊತೆ ಮಾಡಿದ ಪ್ರಯೋಗ ಈ ಕ್ಷೇತ್ರದಲ್ಲಿ ಪ್ರಸಿದ್ಧ. ಇಬ್ಬರ ನಡುವೆ ಒಂದು ಅಡ್ಡತೆರೆ. ಇಬ್ಬರ ಬಳಿಯೂ ಹೆಸರಿಲ್ಲದ 12 ಟ್ಯಾಂಗ್ರಾಮ್ ಆಕೃತಿಗಳು, ಅಂದರೆ ತ್ರಿಕೋನ, ಚೌಕದಂಥ ತುಂಡುಗಳನ್ನು ಜೋಡಿಸಿದ ಚಿತ್ರಗಳು. ಒಬ್ಬರು ಬಾಯಲ್ಲಿ ವರ್ಣಿಸಬೇಕು, ಇನ್ನೊಬ್ಬರು ಅದೇ ಕ್ರಮದಲ್ಲಿ ಜೋಡಿಸಬೇಕು. ಹೀಗೆ ಆರು ಸುತ್ತು. ಮೊದಲ ಸುತ್ತಿನಲ್ಲಿ ಒಂದು ಆಕೃತಿಯನ್ನು ವರ್ಣಿಸಲು ಸರಾಸರಿ 41 ಪದ ಬೇಕಾಯಿತು. ಆರನೆಯ ಸುತ್ತಿಗೆ 8 ಪದ ಸಾಕಾಯಿತು. ಮಂಜಿನ ಮೇಲೆ ಜಾರುತ್ತಿರುವ, ಕೈ ಮುಂದೆ ಚಾಚಿದ ಮನುಷ್ಯ ಎಂದು ಶುರುವಾದದ್ದು ಕೊನೆಗೆ ಬರೀ "ಸ್ಕೇಟರ್" ಆಗಿತ್ತು. ಮೊದಮೊದಲು ಸುರಿದ ಮಾತು ದಂಡವಾಗಲಿಲ್ಲ, ಮುಂದಿನ ಮಾತುಗಳನ್ನು ಅಗ್ಗ ಮಾಡಿತು. ಗಮನಿಸಬೇಕಾದ ಇನ್ನೊಂದು ಅಂಶವಿದೆ. ಆ ಚಿಕ್ಕ ಹೆಸರು ನಡೆಯುವುದು ಅದನ್ನು ಒಟ್ಟಿಗೆ ಕಟ್ಟಿದ ಇಬ್ಬರ ನಡುವೆ ಮಾತ್ರ. ಹಳೆಯ ಸಮಿತಿಯ ಐದು ಜನಕ್ಕೆ "ಟ್ಯಾಂಕ್ ಕೆಲಸ" ಎಂದರೆ ಸಂಪ್ ಎಂದೇ ಅರ್ಥ. ಅವರು ಆರು ತಿಂಗಳಿಂದ ಅದನ್ನೇ ಮಾತಾಡಿದ್ದಾರೆ. ಉಳಿದ ಮೂವತ್ತೈದು ಮನೆಗಳಿಗೆ ಅದು ಮೊದಲ ಸುತ್ತು.

## ಮಾಧ್ಯಮ ಕಿತ್ತುಕೊಳ್ಳುವುದೇನು, ಕೊಡುವುದೇನು

ಎದುರೆದುರು ಕೂತಾಗ ಪುರಾವೆ ಕೇಳದೆಯೇ ಸಿಗುತ್ತದೆ: ಹುಬ್ಬೇರುತ್ತದೆ, ಪಕ್ಕದವರ ಕಡೆ ನೋಟ ಹೊರಳುತ್ತದೆ, "ಏನಂದ್ರಿ?" ಎಂಬ ಮಾತು ತಟ್ಟನೆ ಬರುತ್ತದೆ. ಪರದೆ ನಡುವೆ ಬಂದಾಗ ಇವುಗಳಲ್ಲಿ ಯಾವುದು ಉಳಿಯುತ್ತದೆ, ಯಾವುದು ಹೋಗುತ್ತದೆ ಎಂದು ನೋಡಲು ಕ್ಲಾರ್ಕ್ ಮತ್ತು ಬ್ರೆನನ್ ಎಂಟು ಗುಣಗಳನ್ನು ಹೆಸರಿಸಿದರು. ಒಂದೇ ಜಾಗದಲ್ಲಿರುವುದು, ಒಬ್ಬರಿಗೊಬ್ಬರು ಕಾಣುವುದು, ದನಿ ಕೇಳುವುದು, ಹೇಳಿದ ಕೂಡಲೇ ತಲುಪುವುದು, ಇಬ್ಬರೂ ಏಕಕಾಲಕ್ಕೆ ಹೇಳಬಹುದಾದದ್ದು, ಸರದಿ ಕೆಡದಿರುವುದು, ಹಳೆಯದನ್ನು ಮತ್ತೆ ತೆಗೆದು ನೋಡಬಹುದಾದದ್ದು, ಕಳಿಸುವ ಮುನ್ನ ತಿದ್ದಬಹುದಾದದ್ದು. ಮುಖಾಮುಖಿ ಮಾತಿಗೆ ಮೊದಲ ಆರು ಇವೆ, ಕೊನೆಯ ಎರಡು ಇಲ್ಲ. ಬರಹದ ಸಂದೇಶಕ್ಕೆ ಕೊನೆಯ ಎರಡು ಇವೆ, ಮೊದಲಿನವು ಹೆಚ್ಚುಕಡಿಮೆ ಇಲ್ಲ. ಹಾಗಾಗಿ ಯಾವ ಮಾಧ್ಯಮ ಒಳ್ಳೆಯದು ಎಂಬ ಪ್ರಶ್ನೆಗೆ ಒಂಟಿ ಉತ್ತರ ಸಿಗುವುದಿಲ್ಲ. ಪ್ರತಿಯೊಂದೂ ಬೇರೆ ಬೇರೆ ಜಾಗದಲ್ಲಿ ದುಬಾರಿ.

ಸರದಿಯ ವಿಷಯ ನೋಡಿ. ಗುಂಪಿನಲ್ಲಿ ಎರಡು ಪ್ರಶ್ನೆಗಳ ಕೆಳಗೆ ಬಂದ ಒಂದು "ಹೌದು" ಯಾವುದಕ್ಕೆ? ಬರೆದವರಿಗೆ ಅನುಮಾನವೇ ಇರುವುದಿಲ್ಲ, ಏಕೆಂದರೆ ಅವರು ಟೈಪ್ ಮಾಡತೊಡಗಿದಾಗ ಎರಡನೆಯ ಪ್ರಶ್ನೆ ಬಂದೇ ಇರಲಿಲ್ಲ. ಸಂದೇಶವನ್ನು ಬಲಕ್ಕೆ ಎಳೆದು ಅದಕ್ಕೇ ಉತ್ತರಿಸುವ ಸೌಲಭ್ಯ ಇರುವುದು ಈ ಗುಣವನ್ನು ಮರಳಿ ಗಳಿಸಲೆಂದೇ. ತೀರ್ಮಾನದ ಮಾತಿನಲ್ಲಿ ಅದನ್ನು ಬಳಸದಿರುವುದು ಸೋಮಾರಿತನ ಎಂದೇ ಹೇಳಬೇಕು.

ವಿಡಿಯೊ ಕಾಲ್‌ನಲ್ಲಿ ಕೆಡುವುದು ಸಮಯ. ಹತ್ತು ಭಾಷೆಗಳ ಸಂಭಾಷಣೆಗಳನ್ನು ಹೋಲಿಸಿ 2009ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಒಬ್ಬರ ಪ್ರಶ್ನೆ ಮುಗಿದು ಇನ್ನೊಬ್ಬರ ಉತ್ತರ ಶುರುವಾಗುವ ನಡುವಿನ ಅಂತರ ಸರಾಸರಿ ಸೆಕೆಂಡಿನ ಐದನೆಯ ಒಂದು ಭಾಗದಷ್ಟು, ಅಂದರೆ 200 ಮಿಲಿಸೆಕೆಂಡಿನ ಆಸುಪಾಸು. ದನಿ ಒಂದು ದಿಕ್ಕಿಗೆ ತಲುಪಲು 150 ಮಿಲಿಸೆಕೆಂಡಿಗಿಂತ ಹೆಚ್ಚು ಹಿಡಿಯದಿದ್ದರೆ ಒಳ್ಳೆಯದೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು ಹೇಳುತ್ತದೆ. ಸಿಗ್ನಲ್ ಸೊರಗಿ ಈ ತಡ ಅರ್ಧ ಸೆಕೆಂಡಿಗೆ ಏರಿದರೆ ಏನಾಗುತ್ತದೆ? ಒಬ್ಬರು ನಿಲ್ಲಿಸಿದ್ದು ಇನ್ನೊಬ್ಬರಿಗೆ ತಡವಾಗಿ ಗೊತ್ತಾಗುತ್ತದೆ, ಅವರು ಶುರು ಮಾಡಿದ್ದು ಇವರಿಗೆ ತಡವಾಗಿ ಕೇಳುತ್ತದೆ, ಅಷ್ಟರಲ್ಲಿ ಇವರು ಮತ್ತೆ ಮಾತಾಡುತ್ತಿರುತ್ತಾರೆ. "ಸಾರಿ, ನೀವು ಹೇಳಿ", "ಇಲ್ಲ ಇಲ್ಲ, ನೀವೇ". ಎರಡು ಸಲ ಹೀಗಾದ ಮೇಲೆ ಮೆತ್ತಗಿನ ಸ್ವಭಾವದವರು ಬಾಯಿ ತೆರೆಯುವುದನ್ನೇ ಬಿಡುತ್ತಾರೆ. ಅವರಿಗೆ ಅಭಿಪ್ರಾಯವಿಲ್ಲ ಎಂದು ಉಳಿದವರು ತಿಳಿಯುತ್ತಾರೆ.

ಬರಹದಲ್ಲಿ ಕಳೆದುಹೋಗುವುದು ದನಿಯ ಧಾಟಿ. 2005ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಜನ ಕೆಲವು ವಾಕ್ಯಗಳನ್ನು ಗಂಭೀರವಾಗಿಯೋ ವ್ಯಂಗ್ಯವಾಗಿಯೋ ಇಮೇಲ್ ಮಾಡಿದರು. ಓದುವವರು ನೂರಕ್ಕೆ 78ರಷ್ಟು ಸಲ ಧಾಟಿಯನ್ನು ಸರಿಯಾಗಿ ಹಿಡಿಯುತ್ತಾರೆ ಎಂಬುದು ಬರೆದವರ ನಿರೀಕ್ಷೆ. ಓದುವವರು ಹಿಡಿದದ್ದು 56ರಷ್ಟು ಸಲ. ಕಣ್ಣು ಮುಚ್ಚಿ ಊಹಿಸಿದರೂ 50 ಸಿಗುತ್ತಿತ್ತು. ತೊಡಕಿರುವುದು ಬರಹದಲ್ಲಷ್ಟೇ ಅಲ್ಲ. ಬರೆಯುವವರ ಕಿವಿಯಲ್ಲಿ ಅವರದೇ ದನಿ ಕೇಳಿಸುತ್ತಿರುತ್ತದೆ, ಅದು ಓದುವವರಿಗೂ ಕೇಳಿಸುತ್ತಿದೆ ಎಂದು ಅವರು ನಂಬಿರುತ್ತಾರೆ.

ವಾಟ್ಸ್‌ಆ್ಯಪ್‌ನ ನೀಲಿ ಗೀಟುಗಳ ಬಗ್ಗೆಯೂ ಒಂದು ಮಾತು. ಗುಂಪಿನಲ್ಲಿ ಎರಡೂ ಗೀಟು ನೀಲಿಯಾಗುವುದು ಎಲ್ಲ ಸದಸ್ಯರೂ ಸಂದೇಶ ತೆರೆದ ಮೇಲೆಯೇ; ಯಾರು ತೆರೆದರು ಎಂಬುದು ಸಂದೇಶದ ಮಾಹಿತಿಯಲ್ಲಿ ಕಾಣುತ್ತದೆ. ಆದರೆ ತೆರೆಯುವುದು ಬೇರೆ, ಓದುವುದು ಬೇರೆ, ತಿಳಿಯುವುದು ಬೇರೆ. ಸಾಫ್ಟ್‌ವೇರ್‌ಗೆ ಗೊತ್ತಾಗುವುದು ಮೊದಲನೆಯದು ಮಾತ್ರ.

## ತಿಳಿಸುವ ಕೆಲಸ, ಹೊಂದಿಸಿಕೊಳ್ಳುವ ಕೆಲಸ

ಯಂತ್ರದ ನೆರವಿನಿಂದ ಒಟ್ಟಾಗಿ ಯೋಚಿಸುವ ಕನಸು ಹಳೆಯದು. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕಂಪ್ಯೂಟರ್ ಸಂಶೋಧಕ ಡಗ್ಲಸ್ ಎಂಗೆಲ್‌ಬಾರ್ಟ್, ಸುಮಾರು 50 ಕಿ.ಮೀ. ಆಚೆ ಮೆನ್ಲೊ ಪಾರ್ಕ್‌ನಲ್ಲಿದ್ದ ಸಹೋದ್ಯೋಗಿಯ ಜೊತೆ ಒಂದೇ ಪರದೆಯನ್ನು ಹಂಚಿಕೊಂಡು ತೋರಿಸಿದರು. ನೆರೆದವರು ಕಂಪ್ಯೂಟರ್ ಮೌಸ್ ಕಂಡದ್ದೂ ಅಂದೇ. 1980ರ ದಶಕದ ನಡುವಿನಲ್ಲಿ ಅರಿಝೋನ ವಿಶ್ವವಿದ್ಯಾಲಯದಲ್ಲಿ ಜೇ ನುನಮೇಕರ್ ತಂಡ ಇದಕ್ಕೆಂದೇ ಸಭಾಕೋಣೆ ಕಟ್ಟಿತು: ಪ್ರತಿಯೊಬ್ಬರ ಮುಂದೊಂದು ಕಂಪ್ಯೂಟರ್, ಎದುರಿಗೆ ದೊಡ್ಡ ಪರದೆ. ಅಲ್ಲಿ ಬೆಳೆದ ತಂತ್ರಾಂಶದ ಹೆಸರು ಗ್ರೂಪ್‌ಸಿಸ್ಟಮ್ಸ್. 1987ರಲ್ಲಿ ಜೆರಾರ್ಡಿನ್ ಡಿಸಾಂಕ್ಟಿಸ್ ಮತ್ತು ಬ್ರೆಂಟ್ ಗ್ಯಾಲೂಪ್ ಇಂಥ ವ್ಯವಸ್ಥೆಗಳನ್ನು ಮೂರು ಮಟ್ಟಕ್ಕೆ ವಿಂಗಡಿಸಿದರು. ಮೊದಲ ಮಟ್ಟದವು ಮಾತಿನ ಅಡಚಣೆ ತೆಗೆಯುತ್ತವೆ, ಮತ ಎಣಿಸುತ್ತವೆ. ಎರಡನೆಯವು ಲೆಕ್ಕಾಚಾರ, ಹೋಲಿಕೆಗಳ ಮಾದರಿ ಒದಗಿಸುತ್ತವೆ. ಮೂರನೆಯವು ಸಭೆಯ ನಿಯಮಗಳನ್ನೇ ಜಾರಿಗೊಳಿಸುತ್ತವೆ. ಇಂದು ನಮ್ಮ ಕೈಯಲ್ಲಿರುವ ಪೋಲ್, ಕೈ ಎತ್ತುವ ಗುಂಡಿ, ಪರದೆ ಹಂಚಿಕೆ ಎಲ್ಲವೂ ಮೊದಲ ಮಟ್ಟದವೇ.

ಆ ಕೋಣೆಗಳಲ್ಲಿ ಒಂದು ಸಂಗತಿ ಬೇಗ ಕಂಡಿತು. ಸಲಹೆ ಕೂಡಿಸುವ ಕೆಲಸದಲ್ಲಿ ಕಂಪ್ಯೂಟರ್ ಗೆಲ್ಲುತ್ತದೆ. ಬಾಯಲ್ಲಿ ಹೇಳುವಾಗ ಒಂದು ಹೊತ್ತಿಗೆ ಒಬ್ಬರೇ. ಉಳಿದವರು ಕಾಯುತ್ತ ತಮ್ಮ ಮಾತು ಮರೆಯುತ್ತಾರೆ, ಇಲ್ಲವೇ "ಇದೇನು ದೊಡ್ಡದು" ಎಂದು ನುಂಗಿಕೊಳ್ಳುತ್ತಾರೆ. ಹತ್ತು ಜನ ಒಟ್ಟಿಗೆ, ಹೆಸರಿಲ್ಲದೆ ಟೈಪ್ ಮಾಡಿದರೆ ಈ ತಡೆ ಇರುವುದಿಲ್ಲ. ಗುಂಪು ದೊಡ್ಡದಾದಷ್ಟೂ ಲಾಭ ಹೆಚ್ಚು. ಆದರೆ ಬಂದ ಅರವತ್ತು ಸಲಹೆಗಳನ್ನು ಒಂದು ತೀರ್ಮಾನಕ್ಕೆ ಇಳಿಸುವಾಗ ಚಿತ್ರ ತಿರುಗುತ್ತದೆ. ಅಲ್ಲಿಯವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ 2002ರಲ್ಲಿ ಬೋರಿಸ್ ಬಾಲ್ಟೆಸ್ ಮತ್ತು ಸಂಗಡಿಗರು ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಕಂಪ್ಯೂಟರ್ ಮೂಲಕ ತೀರ್ಮಾನಿಸಿದ ಗುಂಪುಗಳಿಗೆ ಎದುರೆದುರು ಕೂತವರಿಗಿಂತ ಹೆಚ್ಚು ಸಮಯ ಹಿಡಿದಿತ್ತು, ಫಲಿತಾಂಶ ಕಳಪೆಯಿತ್ತು, ಸಮಾಧಾನವೂ ಕಡಿಮೆಯಿತ್ತು.

ಈ ವಿರೋಧಾಭಾಸವನ್ನು ಬಿಡಿಸುವ ಒಳ್ಳೆಯ ಸೂತ್ರ ಅಲನ್ ಡೆನಿಸ್, ರಾಬರ್ಟ್ ಫುಲ್ಲರ್ ಮತ್ತು ಜೋಸೆಫ್ ವಲಾಸಿಕ್ 2008ರಲ್ಲಿ ಪೂರ್ಣರೂಪ ಕೊಟ್ಟ ಸಿದ್ಧಾಂತದಲ್ಲಿದೆ. ಗುಂಪಿನ ಯಾವುದೇ ಕೆಲಸದಲ್ಲಿ ಎರಡು ಬಗೆಯ ಸಂವಹನ ಬೆರೆತಿರುತ್ತದೆ. ಒಂದು, ಹೊಸ ಮಾಹಿತಿ ತಿಳಿಸುವುದು: ಕೊಟೇಶನ್, ನೀರಿನ ಪರೀಕ್ಷೆಯ ವರದಿ, ಹಳೆಯ ಬಿಲ್ಲು. ಇದನ್ನು ಪಡೆದವರು ತಮ್ಮ ಪಾಡಿಗೆ ಕೂತು ಓದಬೇಕು, ಲೆಕ್ಕ ಹಾಕಬೇಕು. ಅದಕ್ಕೆ ಬಿಡುವು ಬೇಕು. ಇನ್ನೊಂದು, ಈಗಾಗಲೇ ಕೈಗೆ ಬಂದ ಮಾಹಿತಿಗೆ ಪ್ರತಿಯೊಬ್ಬರೂ ಕೊಟ್ಟ ಅರ್ಥವನ್ನು ಹೊಂದಿಸಿಕೊಳ್ಳುವುದು. ಇದಕ್ಕೆ ಬೇಕಾದ್ದು ಚುಟುಕು ಮಾತು, ತಕ್ಷಣದ ಮರುಮಾತು. ಮೊದಲನೆಯದಕ್ಕೆ ಹಾಳೆ, ಇಮೇಲ್, ಸಂದೇಶ ಒಪ್ಪುತ್ತವೆ. ಎರಡನೆಯದಕ್ಕೆ ಫೋನು, ವಿಡಿಯೊ, ಎದುರುಭೇಟಿ.

ನಮ್ಮಲ್ಲಿ ಹೆಚ್ಚಾಗಿ ನಡೆಯುವುದು ಇದರ ತಿರುವು ಮುರುವು. ವಿಡಿಯೊ ಸಭೆಯಲ್ಲಿ ಒಬ್ಬರು ಮೂವತ್ತು ಸ್ಲೈಡ್ ಓದುತ್ತಾರೆ, ಅಂದರೆ ತಿಳಿಸುವ ಕೆಲಸ. ಸಮಯ ಮುಗಿಯುತ್ತದೆ. "ಉಳಿದದ್ದು ಗುಂಪಿನಲ್ಲಿ ಚರ್ಚಿಸೋಣ" ಎಂದು ಹೊಂದಿಸಿಕೊಳ್ಳುವ ಕೆಲಸವನ್ನು ಅದಕ್ಕೆ ಕನಿಷ್ಠ ಯೋಗ್ಯವಾದ ಜಾಗಕ್ಕೆ ತಳ್ಳುತ್ತಾರೆ.

## ಒಬ್ಬೊಬ್ಬರಿಗೆ ಮಾತ್ರ ಗೊತ್ತಿರುವುದು

ಬೇಸಿಗೆಯ ನೀರಿಗೆ ಎರಡು ದಾರಿಗಳಿವೆ ಎನ್ನಿ: ಟ್ಯಾಂಕರ್ ಗುತ್ತಿಗೆ, ಇಲ್ಲವೇ ಕೈಬಿಟ್ಟ ಬೋರ್‌ವೆಲ್‌ನ ದುರಸ್ತಿ. ಸಮಿತಿಯಲ್ಲಿ ಮೂವರಿದ್ದಾರೆ. ಟ್ಯಾಂಕರಿನ ಪರವಾದ ಮೂರು ಅಂಶಗಳು ಮೂವರಿಗೂ ಗೊತ್ತು. ಬೋರ್‌ವೆಲ್ ಪರವಾಗಿ ಒಟ್ಟು ಆರು ಅಂಶಗಳಿವೆ, ಆದರೆ ಹಂಚಿಹೋಗಿವೆ. ಒಬ್ಬರಿಗೆ ಹಳೆಯ ಮೋಟಾರಿನ ಗ್ಯಾರಂಟಿ ಮತ್ತು ಕೇಸಿಂಗ್ ಪೈಪಿನ ಸ್ಥಿತಿ ಗೊತ್ತು. ಇನ್ನೊಬ್ಬರಿಗೆ ಪಕ್ಕದ ಕಟ್ಟಡದ ಅಂತರ್ಜಲದ ಮಟ್ಟ ಮತ್ತು ಫ್ಲಶಿಂಗ್ ದರ, ಅಂದರೆ ಬೋರ್‌ವೆಲ್‌ನ ಹೂಳು ತೆಗೆಸುವ ಖರ್ಚು, ಗೊತ್ತು. ಮೂರನೆಯವರಿಗೆ ಮತ್ತೆರಡು. ಪ್ರತಿಯೊಬ್ಬರ ತಲೆಯಲ್ಲೂ ಲೆಕ್ಕ ಟ್ಯಾಂಕರಿಗೆ ಮೂರು, ಬೋರ್‌ವೆಲ್‌ಗೆ ಎರಡು. ಪೋಲ್ ಹಾಕಿದರೆ 3-0, ಟ್ಯಾಂಕರ್. ಮೂವರ ತಲೆಯಲ್ಲಿದ್ದದ್ದನ್ನು ಒಟ್ಟು ಮಾಡಿದ್ದರೆ ಬೋರ್‌ವೆಲ್‌ಗೆ ಆರು, ಟ್ಯಾಂಕರಿಗೆ ಮೂರು.

ಈ ಬಗೆಯ ಒಗಟಿಗೆ ಸಂಶೋಧಕರು ಹಿಡನ್ ಪ್ರೊಫೈಲ್ ಎನ್ನುತ್ತಾರೆ. ಗ್ಯಾರಲ್ಡ್ ಸ್ಟಾಸರ್ ಮತ್ತು ವಿಲಿಯಂ ಟೈಟಸ್ 1985ರಲ್ಲಿ ನಾಲ್ವರ ಗುಂಪುಗಳಿಗೆ ವಿದ್ಯಾರ್ಥಿ ಸಂಘದ ಅಧ್ಯಕ್ಷಗಿರಿಗೆ ಒಬ್ಬರನ್ನು ಆರಿಸುವ ಕೆಲಸ ಕೊಟ್ಟರು. ಎಲ್ಲ ಮಾಹಿತಿ ಎಲ್ಲರ ಕೈಯಲ್ಲಿದ್ದಾಗ ಶೇ 83ರಷ್ಟು ಗುಂಪುಗಳು ಒಳ್ಳೆಯ ಅಭ್ಯರ್ಥಿಯನ್ನು ಆರಿಸಿದವು. ಅದೇ ಮಾಹಿತಿಯನ್ನು ಒಬ್ಬೊಬ್ಬರಿಗೆ ತುಣುಕಾಗಿ ಹಂಚಿದಾಗ ಆ ಪ್ರಮಾಣ ಕಾಲು ಭಾಗಕ್ಕಿಂತ ಕೆಳಗಿಳಿಯಿತು. ಮಾತಾಡಲು ಅವಕಾಶ ಪೂರ್ತಿ ಇತ್ತು, ಆದರೂ ಹೀಗಾಯಿತು. ಇಂಥ 65 ಅಧ್ಯಯನಗಳನ್ನು ಸೇರಿಸಿ 2012ರಲ್ಲಿ ನಡೆದ ವಿಶ್ಲೇಷಣೆ, ಮಾಹಿತಿ ಹಂಚಿಹೋದ ಗುಂಪುಗಳು ಸರಿಯುತ್ತರ ಕಂಡುಕೊಳ್ಳುವ ಸಾಧ್ಯತೆ ಎಂಟು ಪಟ್ಟು ಕಡಿಮೆ ಎಂದು ತೋರಿಸಿತು.

ಯಾಕೆ ಹೀಗೆ? ಎಲ್ಲರಿಗೂ ಗೊತ್ತಿರುವ ಸಂಗತಿಯನ್ನು ಎತ್ತಬಲ್ಲ ಬಾಯಿಗಳು ಹೆಚ್ಚು. ಅದು ಮೇಲೆ ಬರುವ ಸಂಭವವೂ ಹೆಚ್ಚು. ಯಾರೋ ಅದನ್ನು ಹೇಳಿದಾಗ ಉಳಿದವರು ತಲೆದೂಗುತ್ತಾರೆ, ಹೇಳಿದವರಿಗೆ ಖುಷಿಯಾಗುತ್ತದೆ. ಒಬ್ಬರಿಗೆ ಮಾತ್ರ ಗೊತ್ತಿದ್ದದ್ದನ್ನು ಹೇಳಿದರೆ ಅನುಮೋದಿಸುವವರು ಯಾರೂ ಇಲ್ಲ. ಮಾತು ಒಮ್ಮೆ ಬಂದು ಮುಳುಗುತ್ತದೆ. ಜೊತೆಗೆ, ಮನಸ್ಸಿನಲ್ಲಿ ಆಗಲೇ ಒಂದು ಆಯ್ಕೆ ಕೂತಿದ್ದರೆ ಅದಕ್ಕೆ ಒಗ್ಗದ ಮಾಹಿತಿ ಕಿವಿಗೆ ಹಗುರವಾಗಿ ಕೇಳಿಸುತ್ತದೆ. ಚರ್ಚೆಗೆ ಮೊದಲೇ ಒಬ್ಬರೊಬ್ಬರ ಒಲವು ಗೊತ್ತಾದ ಗುಂಪುಗಳು ಹೊಸ ಮಾಹಿತಿಗೆ ಕಡಿಮೆ ಗಮನ ಕೊಡುತ್ತವೆ ಎಂಬುದೂ ಪ್ರಯೋಗಗಳಲ್ಲಿ ಕಂಡಿದೆ. ಹಾಗಾಗಿ ಚರ್ಚೆಯ ಆರಂಭದಲ್ಲೇ ಪೋಲ್ ಹಾಕುವುದು ಪ್ರಜಾಪ್ರಭುತ್ವದಂತೆ ಕಂಡರೂ ಚರ್ಚೆಯ ಬಾಗಿಲಿಗೆ ಬೀಗ ಹಾಕುತ್ತದೆ.

ಕಂಪ್ಯೂಟರಿನ ಪರವಾಗಿ ಇಲ್ಲೊಂದು ಮಾತು ಹೇಳಬೇಕು. ಪರದೆಯ ಮೂಲಕ ಕೆಲಸ ಮಾಡುವ ತಂಡಗಳಲ್ಲಿ ಒಬ್ಬೊಬ್ಬರಿಗೆ ಮಾತ್ರ ಗೊತ್ತಿರುವ ಮಾಹಿತಿ ಹೊರಬರುವುದು ಹೆಚ್ಚು, ಆದರೆ ಮನಬಿಚ್ಚಿದ ಮಾತು ಕಡಿಮೆ ಎಂದು 2011ರಲ್ಲಿ ಪ್ರಕಟವಾದ ಇನ್ನೊಂದು ಒಟ್ಟು ವಿಶ್ಲೇಷಣೆ ಹೇಳುತ್ತದೆ. ಅಂದರೆ ಹೊರಗೆಳೆಯಲು ಹಾಳೆ, ಅರಗಿಸಿಕೊಳ್ಳಲು ಮಾತು.

## ಮೌನದ ಲೆಕ್ಕ

ಬೇರೆ ಬೇರೆ ಊರಿನಲ್ಲಿದ್ದು ಒಟ್ಟಿಗೆ ಕೆಲಸ ಮಾಡಿದ 13 ವಿದ್ಯಾರ್ಥಿ ತಂಡಗಳ ಸಂದೇಶಗಳನ್ನು ಕ್ಯಾಥರಿನ್ ಕ್ರ್ಯಾಮ್ಟನ್ ಬಿಡಿಸಿ ನೋಡಿ 2001ರಲ್ಲಿ ಐದು ಬಗೆಯ ಎಡವಟ್ಟುಗಳನ್ನು ಪಟ್ಟಿ ಮಾಡಿದರು. ಇನ್ನೊಬ್ಬರ ಸುತ್ತಣ ಸ್ಥಿತಿ ತಿಳಿಯದಿರುವುದು, ಮಾಹಿತಿ ಎಲ್ಲರಿಗೂ ಒಂದೇ ಸಮ ತಲುಪದಿರುವುದು, ಸಂದೇಶದ ಯಾವ ಭಾಗ ಮುಖ್ಯ ಎಂಬುದರಲ್ಲಿ ವ್ಯತ್ಯಾಸ, ಉತ್ತರಿಸುವ ವೇಗದಲ್ಲಿ ವ್ಯತ್ಯಾಸ, ಮತ್ತು ಮೌನದ ಅರ್ಥ. ಕೊನೆಯದು ಎಲ್ಲಕ್ಕಿಂತ ಕಷ್ಟದ್ದು. ಉತ್ತರ ಬರಲಿಲ್ಲ ಎಂದರೆ ಒಪ್ಪಿಗೆ ಇರಬಹುದು, ಕಟ್ಟಾ ವಿರೋಧವಿರಬಹುದು. ಊರಿಗೆ ಹೋಗಿ ನೆಟ್‌ವರ್ಕ್ ಸಿಗದಿರಬಹುದು. ಪ್ರಶ್ನೆ ತಮಗಲ್ಲ ಎಂದುಕೊಂಡಿರಬಹುದು. ಹಿರಿಯರು ಹೇಳಿದ ಮೇಲೆ ಎದುರಾಡುವುದು ಹೇಗೆ ಎಂಬ ಸಂಕೋಚವೂ ಇರಬಹುದು.

ಮೌನವನ್ನು ತಪ್ಪಾಗಿ ಓದಿದರೆ ಏನಾಗಬಹುದು ಎಂಬುದಕ್ಕೆ ದಾಖಲಾದ ಘಟನೆಯೊಂದಿದೆ. ಅಲ್ಲಿ ಬಳಸಿದ್ದು ಕಂಪ್ಯೂಟರ್ ಪರದೆಯನ್ನಲ್ಲ, ಫೋನು ಮತ್ತು ಫ್ಯಾಕ್ಸನ್ನು. 1986ರ ಜನವರಿ 27ರ ರಾತ್ರಿ, ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆಯ ಉಡಾವಣೆಯ ಹಿಂದಿನ ದಿನ, ಮೂರು ಊರುಗಳ ನಡುವೆ ದೂರವಾಣಿ ಸಭೆ ನಡೆಯಿತು: ರಾಕೆಟ್ ತಯಾರಿಸಿದ ಮಾರ್ಟನ್ ಥಿಯೊಕಾಲ್ ಕಂಪನಿಯವರು ಯೂಟಾದಲ್ಲಿ, ನಾಸಾದ ಅಧಿಕಾರಿಗಳು ಅಲಬಾಮದ ಹಂಟ್ಸ್‌ವಿಲ್‌ನಲ್ಲಿ ಮತ್ತು ಫ್ಲಾರಿಡಾದ ಉಡಾವಣಾ ಕೇಂದ್ರದಲ್ಲಿ. ಚಳಿಯಲ್ಲಿ ರಾಕೆಟ್ಟಿನ ಜೋಡಣೆಯ ರಬ್ಬರ್ ಉಂಗುರಗಳು ಬಿಗಿಯಾಗಿ ಕೂರುವುದಿಲ್ಲ ಎಂಬುದು ಎಂಜಿನಿಯರುಗಳ ಆತಂಕ. ಕೈಬರಹದ ಪಟ್ಟಿಗಳನ್ನು ಫ್ಯಾಕ್ಸ್ ಮಾಡಿ, ತಾಪಮಾನ 53 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 12 ಸೆಲ್ಸಿಯಸ್‌ಗಿಂತ ಕಡಿಮೆಯಿದ್ದರೆ ಹಾರಿಸಬೇಡಿ ಎಂದರು. ನಾಸಾ ಕಡೆಯಿಂದ ತೀವ್ರ ಆಕ್ಷೇಪ ಬಂತು. ಥಿಯೊಕಾಲ್‌ನವರು ಐದು ನಿಮಿಷದ ಬಿಡುವು ಕೇಳಿ, ಫೋನನ್ನು ಮ್ಯೂಟ್ ಮಾಡಿದರು. ಐದು ನಿಮಿಷ ಅರ್ಧ ಗಂಟೆಯಾಯಿತು. ಆ ಹೊತ್ತಿನಲ್ಲಿ ಎಂಜಿನಿಯರುಗಳು ಮತ್ತೆ ವಿರೋಧಿಸಿದ್ದು, ಕೊನೆಗೆ ವ್ಯವಸ್ಥಾಪಕರೇ ತೀರ್ಮಾನ ಮಾಡಿದ್ದು ಉಳಿದ ಎರಡು ಊರುಗಳಿಗೆ ಕಾಣಲೂ ಇಲ್ಲ, ಕೇಳಲೂ ಇಲ್ಲ. ಮರಳಿ ಬಂದು "ಹಾರಿಸಬಹುದು" ಎಂದರು. ಯಾರದಾದರೂ ಭಿನ್ನಾಭಿಪ್ರಾಯವಿದೆಯೇ ಎಂದು ನಾಸಾ ಕಡೆಯಿಂದ ಕೇಳಲಾಯಿತು. ಯಾರೂ ಮಾತಾಡಲಿಲ್ಲ. ಮರುದಿನ ಉಡಾವಣೆಯ ಹೊತ್ತಿಗೆ ತಾಪಮಾನ ಸುಮಾರು 2 ಡಿಗ್ರಿ ಸೆಲ್ಸಿಯಸ್. ಹಾರಿದ 73 ಸೆಕೆಂಡಿಗೆ ನೌಕೆ ಒಡೆಯಿತು, ಏಳು ಜನ ಸತ್ತರು.

ವೇಳಾಪಟ್ಟಿಯ ಒತ್ತಡ, ಸಂಸ್ಥೆಯ ಒಳಗಿನ ಅಭ್ಯಾಸಗಳು, ವಿನ್ಯಾಸದ ದೋಷ ಎಲ್ಲವೂ ಇದರ ಹಿಂದೆ ಇದ್ದವು, ಸಭೆಯೊಂದೇ ಕಾರಣವಲ್ಲ. ಆದರೆ ತನಿಖಾ ಆಯೋಗ ಎತ್ತಿ ತೋರಿಸಿದ ಒಂದು ಅಂಶ ನಮ್ಮ ವಿಷಯಕ್ಕೆ ನೇರ ಸೇರುತ್ತದೆ. ಸಭೆಯಲ್ಲಿ ತಾಪಮಾನದ ಜೊತೆ ಹೋಲಿಸಿದ್ದು ಉಂಗುರ ಹಾಳಾದ ಹಾರಾಟಗಳನ್ನು ಮಾತ್ರ. ಹಾಳಾಗದವನ್ನೂ ಸೇರಿಸಿದ್ದರೆ, 66 ಡಿಗ್ರಿ ಫ್ಯಾರನ್‌ಹೀಟ್ ಮತ್ತು ಮೇಲಿನ 20 ಹಾರಾಟಗಳಲ್ಲಿ ಮೂರರಲ್ಲಿ ಮಾತ್ರ ತೊಂದರೆ, 63 ಮತ್ತು ಕೆಳಗಿನ ನಾಲ್ಕಕ್ಕೆ ನಾಲ್ಕರಲ್ಲೂ ತೊಂದರೆ ಎಂಬುದು ಒಂದೇ ನೋಟಕ್ಕೆ ಕಾಣುತ್ತಿತ್ತು. ಅಂಕಿಗಳು ಲಭ್ಯವಿದ್ದವು. ಅವೆಲ್ಲವನ್ನೂ ಒಟ್ಟಿಗಿಟ್ಟ ಒಂದು ಹಾಳೆ ಎಲ್ಲರ ಮುಂದೆ ಇರಲಿಲ್ಲ.

## ಕಾನೂನು ಇದನ್ನು ಬರೆದಿಟ್ಟಿದೆ

ನಿರ್ದೇಶಕರು ವಿಡಿಯೊ ಮೂಲಕ ಸಭೆಯಲ್ಲಿ ಭಾಗವಹಿಸಲು ನಮ್ಮ ಕಂಪನಿಗಳ ಕಾಯ್ದೆ, 2013ರ 173ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಅದರಡಿ 2014ರಲ್ಲಿ ಬಂದ ನಿಯಮಗಳಲ್ಲಿ ಮೂರನೆಯದನ್ನು ಓದಿದರೆ, ಮೇಲೆ ಹೇಳಿದ ಎರಡನೆಯ ಹಂತ, ಅಂದರೆ ಪುರಾವೆಯ ಹಂತ, ಅದರಲ್ಲಿ ವಿಧಿಯಾಗಿಯೇ ಸೇರಿರುವುದು ಕಾಣುತ್ತದೆ. ಆರಂಭದಲ್ಲಿ ಹಾಜರಿ ಕೂಗಬೇಕು. ಪ್ರತಿಯೊಬ್ಬರೂ ತಮ್ಮ ಹೆಸರು, ಎಲ್ಲಿಂದ ಸೇರಿದ್ದೇವೆ, ಕಾರ್ಯಸೂಚಿ ಮತ್ತು ಕಾಗದಪತ್ರ ಕೈಸೇರಿವೆಯೇ, ಬೇರೆ ಯಾರೂ ಕೇಳಿಸಿಕೊಳ್ಳುತ್ತಿಲ್ಲವೇ ಎಂದು ಹೇಳಬೇಕು. ಮಾತಾಡುವ ಮುನ್ನ ತಾವು ಯಾರೆಂದು ಹೇಳಬೇಕು. ಯಾರ ಮಾತಾದರೂ ತುಂಡಾದರೆ ಅಥವಾ ಅಸ್ಪಷ್ಟವಾದರೆ, ಅದನ್ನು ಮತ್ತೆ ಹೇಳುವಂತೆ ಅಧ್ಯಕ್ಷರು ಅಥವಾ ಕಂಪನಿ ಕಾರ್ಯದರ್ಶಿ ಕೇಳಬೇಕು. ಹೊಣೆ ಕೇಳಿಸಿಕೊಳ್ಳುವವರ ಮೇಲೆಯೇ ಇದೆ. ಕೊನೆಯಲ್ಲಿ ಪ್ರತಿ ವಿಷಯದ ತೀರ್ಮಾನವನ್ನೂ, ವಿರೋಧಿಸಿದವರ ಹೆಸರನ್ನೂ ಸಭೆಗೆ ಓದಿ ಹೇಳಬೇಕು. ಕರಡು ನಡಾವಳಿ 15 ದಿನದೊಳಗೆ ಎಲ್ಲರಿಗೂ ಹೋಗಬೇಕು. ಅಪಾರ್ಟ್‌ಮೆಂಟ್ ಸಂಘಕ್ಕೆ ಈ ನಿಯಮ ಅನ್ವಯಿಸುವುದಿಲ್ಲ. ಆದರೆ ಎರವಲು ಪಡೆಯಲು ಯಾರ ಅನುಮತಿಯೂ ಬೇಡ.

## ಹತ್ತು ಜನರ ಸಮಿತಿಗೆ ಒಂದು ಕ್ರಮ

ಮೊದಲು ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಏನು ತೀರ್ಮಾನಿಸಬೇಕು, ಯಾವಾಗಿನೊಳಗೆ, ಕೊನೆಯ ಮಾತು ಯಾರದು, ತೀರ್ಮಾನವಾಗದಿದ್ದರೆ ಏನಾಗುತ್ತದೆ. ಎರಡರ್ಥ ಬರುವ ಪದಗಳನ್ನು ಅಲ್ಲೇ ಬಿಡಿಸಿ: ಟ್ಯಾಂಕ್ ಅಂದರೆ ನೆಲದಡಿಯ ಸಂಪ್, "ಕೆಲಸ" ಅಂದರೆ ನಾಲ್ಕು ದಿನ ನೀರಿಲ್ಲ, ದರ ಜಿಎಸ್‌ಟಿ ಸೇರಿ. ಇಷ್ಟು ಬರೆಯಲು ಹತ್ತು ನಿಮಿಷ ಸಾಕು, ಜಗಳಗಳಲ್ಲಿ ಅರ್ಧ ಇಲ್ಲೇ ಕಳೆಯುತ್ತವೆ.

ಆಮೇಲೆ ಎರಡು ಮೂರು ದಿನ ಬಿಟ್ಟು ಮಾಹಿತಿ ಕೂಡಿಸಿ, ಅಭಿಪ್ರಾಯವನ್ನಲ್ಲ. ಹಂಚಿದ ಹಾಳೆಯಲ್ಲಿ ಮೂರು ಕಂಬಸಾಲು ಸಾಕು: ನನಗೆ ಗೊತ್ತಿರುವುದು, ಅದು ಗೊತ್ತಾದದ್ದು ಹೇಗೆ, ಯಾವ ಆಯ್ಕೆಗೆ ಸಂಬಂಧಿಸಿದ್ದು. ಎರಡನೆಯದನ್ನು ಬಿಡಬೇಡಿ, "ಬೋರ್‌ವೆಲ್ ಬತ್ತಿದೆ" ಎಂಬುದು ಪಂಪ್ ಹಾಕಿ ನೋಡಿದವರ ಮಾತೋ, ಕೇಳಿದ ಮಾತೋ ಎಂಬುದರ ಮೇಲೆ ಅದರ ತೂಕ ನಿಂತಿದೆ. ಹೆಸರಿಲ್ಲದ ಸಲಹೆಗಳ ತೊಡಕೂ ಇದೇ. ಹೆಸರು ಮುಚ್ಚಿದರೆ ಸಂಕೋಚ ಹೋಗುತ್ತದೆ, ಜೊತೆಗೆ ಹೇಳಿದವರ ಅನುಭವವೂ ಮುಚ್ಚಿಹೋಗುತ್ತದೆ. ಸಲಹೆಗೆ ಹೆಸರು ಬೇಡ, ಮಾಹಿತಿಗೆ ಬೇಕು ಎಂದಿಟ್ಟುಕೊಂಡರೆ ಸರಿಹೋಗುತ್ತದೆ. ಗೂಗಲ್ ಫಾರ್ಮ್ ಬಳಸುವುದಾದರೆ ಇತರರ ಉತ್ತರಗಳ ಸಾರಾಂಶ ತೋರಿಸುವ ಆಯ್ಕೆಯನ್ನು ಮುಚ್ಚಿಡಿ. ಧ್ವನಿ ಸಂದೇಶ ಕಳಿಸುವವರ ಮಾತನ್ನು ಯಾರಾದರೂ ಬರಹಕ್ಕಿಳಿಸಿ ಅವರಿಗೇ ತೋರಿಸಿ. ಮೂರು ನಿಮಿಷದ ಆಡಿಯೊದೊಳಗಿನ ಒಂದು ಅಂಕಿಯನ್ನು ಆಮೇಲೆ ಯಾರೂ ಹುಡುಕುವುದಿಲ್ಲ.

ಸಭೆಗೆ ನಲವತ್ತು ನಿಮಿಷ ಇಟ್ಟುಕೊಳ್ಳಿ. ಮೊದಲ ಐದಾರು ನಿಮಿಷ ಎಲ್ಲರೂ ಆ ಒಂದು ಪುಟವನ್ನು ಸುಮ್ಮನೆ ಓದಲಿ. ಓದಿಕೊಂಡೇ ಬಂದಿರುತ್ತಾರೆ ಎಂಬ ನಂಬಿಕೆ ಬೇಡ. ಸಾಲುಗಳಿಗೆ ಸಂಖ್ಯೆ ಕೊಟ್ಟಿರಿ. ಲ್ಯಾಪ್‌ಟಾಪಿನಲ್ಲಿ "ಇಲ್ಲಿ ನೋಡಿ" ಎಂದು ಬಾಣ ತೋರಿಸುವವರಿಗೆ, ಫೋನಿನಲ್ಲಿ ಸೇರಿದವರಿಗೆ ಅಕ್ಷರವೇ ಕಾಣುತ್ತಿಲ್ಲ ಎಂಬುದು ಗೊತ್ತಿರುವುದಿಲ್ಲ. "ಏಳನೇ ಸಾಲು" ಎಂದರೆ ಎಲ್ಲರಿಗೂ ಸಿಗುತ್ತದೆ. ಮಾತನ್ನು ಹೆಸರು ಕೂಗಿ ಸುತ್ತು ಹಾಕಿಸಿ, ಕಿರಿಯರಿಂದ ಅಥವಾ ಹೊಸಬರಿಂದ ಶುರು ಮಾಡಿಸಿ; ಅಧ್ಯಕ್ಷರು ಕೊನೆಗೆ. ಎರಡು ಕಡೆ ಬಿಗಿಯಾದಾಗ, ಒಬ್ಬರ ವಾದವನ್ನು ಎದುರು ಕಡೆಯವರಿಂದ ಹೇಳಿಸಿ. ಮೊದಲಿನವರು "ಹೌದು, ನಾನು ಹೇಳಿದ್ದು ಇದೇ" ಎನ್ನುವ ತನಕ ಮುಂದೆ ಹೋಗಬೇಡಿ. ಇದು ಬೇಸರದ ಕೆಲಸ, ನಾಲ್ಕು ನಿಮಿಷ ತಿನ್ನುತ್ತದೆ. ಆದರೆ ಭಿನ್ನಾಭಿಪ್ರಾಯವಿರುವುದು ವಿಷಯದಲ್ಲೋ ಬರೀ ಅರ್ಥದಲ್ಲೋ ಎಂಬುದು ಬೇರೆ ಯಾವ ದಾರಿಯಲ್ಲೂ ಇಷ್ಟು ಬೇಗ ತಿಳಿಯದು.

ತೀರ್ಮಾನವನ್ನು ಆಮೇಲೆ ಬರೆಯೋಣ ಎನ್ನದೆ ಎಲ್ಲರ ಕಣ್ಣೆದುರು ಪರದೆಯ ಮೇಲೆಯೇ ಬರೆಯಿರಿ, ಓದಿ ಹೇಳಿ. ಆಗ ಕೇಳಬೇಕಾದ ಪ್ರಶ್ನೆ "ಎಲ್ಲರಿಗೂ ಓಕೆನಾ" ಎಂಬುದಲ್ಲ. ಅದಕ್ಕೆ ಬರುವುದು ಮೌನವೇ. ಅಂತರಜಾಲದ ತಾಂತ್ರಿಕ ಮಾನದಂಡಗಳನ್ನು ರೂಪಿಸುವ ಐಇಟಿಎಫ್ ಸಂಸ್ಥೆ ತನ್ನ ಒಮ್ಮತದ ಪದ್ಧತಿಯನ್ನು 2014ರಲ್ಲಿ ವಿವರಿಸಿದಾಗ, ಒಪ್ಪಿದವರ ತಲೆ ಎಣಿಸುವುದಕ್ಕಿಂತ ಒಪ್ಪಲಾಗದವರ ಆಕ್ಷೇಪವೇನು, ಅದಕ್ಕೆ ಉತ್ತರ ಸಿಕ್ಕಿದೆಯೇ ಎಂದು ನೋಡುವುದು ಮುಖ್ಯ ಎಂದಿತು. "ಇದರಿಂದ ಯಾರ ಮನೆಯಲ್ಲಿ ಏನು ಕೆಡುತ್ತದೆ, ಒಬ್ಬೊಬ್ಬರಾಗಿ ಹೇಳಿ" ಎಂದು ಹೆಸರು ಹಿಡಿದು ಕೇಳಿದರೆ ಡಯಾಲಿಸಿಸ್ ರೋಗಿಯಿರುವ ಮನೆ, ಮದುವೆಯಿರುವ ಮನೆ ಆಗ ಹೊರಬರುತ್ತವೆ.

ಸಭೆಯ ತಂತ್ರಾಂಶಗಳು ಈಗ ತಾವೇ ಸಾರಾಂಶ ಬರೆದುಕೊಡುತ್ತವೆ. ಅದು ಯಂತ್ರ ಮಾಡಿದ ಒಂದು ಓದು, ಗುಂಪಿನ ಒಪ್ಪಿಗೆಯಲ್ಲ. ಕರಡಾಗಿ ಬಳಸಿ, ಅಂಕಿ ಮತ್ತು ಹೆಸರುಗಳನ್ನು ತಾಳೆ ನೋಡಿ, ಸದಸ್ಯರಿಂದ ಸರಿಯೆನ್ನಿಸಿದ ಮೇಲೆ ಹಂಚಿ.

ಕೊನೆಯದಾಗಿ ದಾಖಲೆ. ಏನು ತೀರ್ಮಾನ, ಯಾಕೆ, ಯಾರು ಮಾಡುತ್ತಾರೆ, ಯಾವಾಗ, ಯಾವ ಸಂದರ್ಭ ಬಂದರೆ ಮತ್ತೆ ಚರ್ಚೆಗೆ ತೆರೆಯುತ್ತೇವೆ: ಐದು ಸಾಲು. ವಾಟ್ಸ್‌ಆ್ಯಪ್‌ನಲ್ಲಿ ಪಿನ್ ಮಾಡುವಾಗ ಸಿಗುವ ಆಯ್ಕೆಗಳು 24 ಗಂಟೆ, 7 ದಿನ, 30 ದಿನ. ಪೋಲ್‌ನಲ್ಲಿ ಹಾಕಿದ ಮತವನ್ನೂ ಜನ ಆಮೇಲೆ ಬದಲಿಸಬಹುದು. ಹಾಗಾಗಿ ಮೂಲ ಪ್ರತಿ ಗುಂಪಿನ ಹೊರಗೆ, ತಿದ್ದುವ ಅಧಿಕಾರ ಒಬ್ಬಿಬ್ಬರಿಗೆ ಮಾತ್ರವಿರುವ ಕಡತದಲ್ಲಿರಲಿ. "ಯಾಕೆ" ಎಂಬ ಸಾಲನ್ನು ಜನ ಹೆಚ್ಚಾಗಿ ಬಿಟ್ಟುಬಿಡುತ್ತಾರೆ. ಮುಂದಿನ ವರ್ಷ ಸಮಿತಿ ಬದಲಾದಾಗ ಬೋರ್‌ವೆಲ್ ಬೇಡವೆಂದದ್ದು ನೀರಿಲ್ಲವೆಂದೋ, ಆ ತಿಂಗಳು ಹಣವಿರಲಿಲ್ಲವೆಂದೋ ಎಂಬುದು ಆ ಸಾಲಿಲ್ಲದೆ ಗೊತ್ತಾಗುವುದಿಲ್ಲ. ಹೊಸಬರು ಫ್ಲಶಿಂಗ್ ಕೊಟೇಶನ್‌ನಿಂದಲೇ ಮತ್ತೆ ಶುರು ಮಾಡಬೇಕಾಗುತ್ತದೆ.